ಬೇಸ್ ಎಲ್ಲಿ ಕೂರಬೇಕು: ನಡುವೆಯಾ, ಪಕ್ಕಕ್ಕಾ, ಎರಡೂ ಕಡೆಯಾ?

"ಸ್ಟೇಜ್ ಮೇಲೆ ನಾನು ಡ್ರಮ್ಸ್ ಪಕ್ಕ ಬಲಕ್ಕೆ ನಿಲ್ತೀನಿ. ರೆಕಾರ್ಡಿಂಗ್‌ನಲ್ಲಿ ಮಾತ್ರ ಯಾಕೆ ನನ್ನನ್ನ ಯಾವಾಗಲೂ ನಡುಮಧ್ಯೆ ತಂದು ನಿಲ್ಲಿಸ್ತೀಯ?" ಬೇಸ್ ಗಿಟಾರ್ ನುಡಿಸುವ ಗೆಳೆಯನೊಬ್ಬ ಹೀಗೆ ಕೇಳಿದ. ಅದೇ ವಾರ ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುವ ಇನ್ನೊಬ್ಬರು ಫೋನ್ ಮಾಡಿದರು. ತಬಲಾದ ಡಗ್ಗಾ, ಕೀಬೋರ್ಡ್ ಬೇಸ್ ಎರಡೂ ಸೇರಿ ಗೊಜ್ಜಾಗ್ತಿದೆ, ಒಂದನ್ನ ಎಡಕ್ಕೆ, ಒಂದನ್ನ ಬಲಕ್ಕೆ ತಳ್ಳಿಬಿಡಲಾ ಅಂದರು. ಲ್ಯಾಪ್‌ಟಾಪ್‌ನಲ್ಲೇ ಬೀಟ್ ಮಾಡುವ ಹುಡುಗನೊಬ್ಬನಿಗೆ ಬೇಸ್ ಅಗಲ ಆಗಬೇಕಂತೆ, ಎರಡೂ ಕಿವಿ ತುಂಬಬೇಕಂತೆ.

"ಬೇಸ್ ಯಾವಾಗಲೂ ಸೆಂಟರ್" ಅಂತ ಮೂವರಿಗೂ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆ ಮಾತು ಬಹಳ ಸಲ ಸರಿಯೂ ಹೌದು. ಆದರೆ ಯಾಕೆ ಸರಿ ಅಂತ ಗೊತ್ತಿಲ್ಲದಿದ್ದರೆ, ಯಾವಾಗ ತಪ್ಪು ಅನ್ನುವುದೂ ಗೊತ್ತಾಗುವುದಿಲ್ಲ.

ಹೊಟ್ಟೆ ಬೇರೆ, ಬೆರಳು ಬೇರೆ

ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಸ್ವರ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಐದು ತಂತಿಯದ್ದಾದರೆ 31ರ ತನಕ ಇಳಿಯುತ್ತದೆ. 41 ಹರ್ಟ್ಜ್ ಅಲೆಯ ಉದ್ದ ಎಂಟು ಮೀಟರಿಗಿಂತ ಜಾಸ್ತಿ. ನಮ್ಮ ಎರಡು ಕಿವಿಗಳ ನಡುವೆ ಇರುವುದು ಒಂದು ಗೇಣಿಗೂ ಕಡಿಮೆ. ಅಷ್ಟು ಉದ್ದದ ಅಲೆಗೆ ತಲೆ ಒಂದು ಅಡ್ಡಿಯೇ ಅಲ್ಲ. ಎರಡೂ ಕಿವಿಗೆ ಒಂದೇ ಜೋರಿನಲ್ಲಿ ತಲುಪುತ್ತದೆ. ಮೇಲಿಂದ ಕೋಣೆಯ ಗೋಡೆಗಳು ಅದನ್ನು ಹಿಂದಕ್ಕೂ ಮುಂದಕ್ಕೂ ಎಸೆಯುತ್ತವೆ. ಹಾಗಾಗಿ 80-100 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತು ಅಂತ ಕೋಣೆಯಲ್ಲಿ ಕೂತು ಹೇಳುವುದು ಕಷ್ಟ. ಹೋಂ ಥಿಯೇಟರ್‌ನ ಸಬ್‌ವೂಫರನ್ನು ಸೋಫಾ ಪಕ್ಕ ಇಟ್ಟರೂ ನಡೆಯುವುದು ಇದೇ ಕಾರಣಕ್ಕೆ.

ಹಾಗಾದರೆ ಹಳೇ ರೆಕಾರ್ಡ್ ಕೇಳುವಾಗ "ಬೇಸ್ ಬಲಗಡೆ ಇದೆ" ಅಂತ ಹೇಗೆ ಗೊತ್ತಾಗುತ್ತದೆ? ತಂತಿಗೆ ಬೆರಳು ತಾಗುವ ಟಕ್ ಸದ್ದಿನಿಂದ. ಪಿಕ್‌ನ ಕೆರೆತದಿಂದ. ಫ್ರೆಟ್ ಮೇಲೆ ಕೈ ಜಾರುವಾಗಿನ ಕಿರ್ ಸದ್ದಿನಿಂದ. ಇವೆಲ್ಲ ಕೆಲವು ನೂರು ಹರ್ಟ್ಜ್‌ನಿಂದ ಮೇಲೆ ಇರುತ್ತವೆ. ಅಂದರೆ ಒಂದೇ ಬೇಸ್ ಟ್ರ್ಯಾಕ್ ಒಳಗೆ ಎರಡು ಸಾಮಾನು ಇವೆ. ಒಂದು ಹೊಟ್ಟೆ, ಇನ್ನೊಂದು ಬೆರಳು. ಹೊಟ್ಟೆಗೆ ಬೇಕಿರುವುದು ಬಲ. ಎಡ ಬಲದ ಜಾಗ ಬೇಕಿರುವುದು ಬೆರಳಿಗೆ. ಮುಂದೆ ಹೇಳುವುದೆಲ್ಲ ಈ ಎರಡನ್ನು ಬೇರೆ ಬೇರೆ ನೋಡುವ ಕೆಲಸ.

ಹೆಡ್‌ಫೋನ್‌ನಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿ ಎಡದ ಸದ್ದು ಬಲಗಿವಿಗೆ ಹೋಗುವುದೇ ಇಲ್ಲ. ಬದುಕಿನಲ್ಲಿ ದಪ್ಪ ಸದ್ದು ಯಾವತ್ತೂ ಒಂದೇ ಕಿವಿಗೆ ಕೇಳಿಸಿರುವುದಿಲ್ಲವಲ್ಲ, ಅದಕ್ಕೇ ಪೂರ್ತಿ ಒಂದು ಕಡೆಗೆ ಹಾಕಿದ ಬೇಸ್ ಹೆಡ್‌ಫೋನ್‌ನಲ್ಲಿ ಒಂದು ಕಿವಿಗೆ ನೀರು ಹೊಕ್ಕ ಹಾಗೆ ಇರುತ್ತದೆ.

ತಕ್ಕಡಿಗೆ ಯಾವ ಕಲ್ಲು

ಯಾವ ಜಾಗ ಆರಿಸಿದರೂ ನಾನು ಮೊದಲು ಕೇಳಿಕೊಳ್ಳುವುದು ಇದು: ಈ ಹಾಡನ್ನು ಜನ ಎಲ್ಲಿ ಕೇಳುತ್ತಾರೆ? ಇಯರ್‌ಫೋನ್‌ನಲ್ಲಾ, ಕಾರಿನಲ್ಲಾ, ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್‌ನಲ್ಲಾ, ಗಣೇಶನ ಪೆಂಡಾಲಿನಲ್ಲಾ? ಮೋನೋ, ಅಂದರೆ ಎಡ ಬಲ ಸೇರಿ ಒಂದೇ ಸದ್ದು, ಅಜ್ಜನ ರೇಡಿಯೋ ಕಾಲದ್ದು ಅಂದುಕೊಳ್ಳಬೇಡಿ. ಊರಹಬ್ಬದ ಸೌಂಡ್ ಸಿಸ್ಟಂ ಬಹಳಷ್ಟು ಕಡೆ ಮೋನೋ. ಕ್ಲಬ್ಬಿನ ಸಬ್‌ಗಳು ಸಾಮಾನ್ಯವಾಗಿ ಮೋನೋ. ಎಡ ಬಲ ಒಂದಾದಾಗ ಬೇಸ್ ಉಳಿಯುತ್ತದಾ ಅನ್ನುವುದು ಎರಡನೇ ಕಲ್ಲು, ಅದೇ ಎಲ್ಲಕ್ಕಿಂತ ಭಾರದ್ದು.

ಮೂರನೆಯದು ನೆರೆಹೊರೆ. ಕೆಳಗಿನ ಸದ್ದಿನಲ್ಲಿ ಬೇಸ್ ಜೊತೆ ಇನ್ನು ಯಾರಿದ್ದಾರೆ? ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಾ, ಡಗ್ಗಾನಾ, ಪಿಯಾನೋದ ಎಡಗೈಯಾ? ಆಮೇಲೆ ಬೇಸ್‌ನ ಕೆಲಸ ಏನು ಅಂತ ನೋಡಬೇಕು. ಸುಮ್ನೆ ತಳಪಾಯವಾ, ಅಥವಾ ಹಾಡಿನ ಜೊತೆ ಅದೂ ಹಾಡುತ್ತಿದೆಯಾ? ಕೊನೆಗೆ ನಿಮ್ಮ ಕೋಣೆ, ನಿಮ್ಮ ಜೇಬು. ಅದಕ್ಕೆ ಆಮೇಲೆ ಬರುತ್ತೇನೆ.

ನಡುಮಧ್ಯೆ

ಪ್ಯಾನ್ ಗುಂಡಿ, ಅಂದರೆ ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿ, ಮುಟ್ಟದೆ ಬಿಡುವುದು. ಇದರಲ್ಲಿ ಸೋಮಾರಿತನ ಇದೆ ಅಂತ ಅನ್ನಿಸಬಹುದು, ಆದರೆ ಲಾಭ ಗಟ್ಟಿಯಾಗಿದೆ. ನಡುವಿನ ಬೇಸನ್ನು ಎರಡೂ ಸ್ಪೀಕರ್ ಹಂಚಿಕೊಂಡು ಹೊರುತ್ತವೆ. ಕೆಳಗಿನ ಸದ್ದಿನಲ್ಲಿ ಎರಡು ಸ್ಪೀಕರ್ ಒಟ್ಟಿಗೆ ತಳ್ಳಿದರೆ, ಒಂದೇ ತಳ್ಳಿದ್ದಕ್ಕಿಂತ ಸುಮಾರು 6 ಡೆಸಿಬಲ್ ಜಾಸ್ತಿ. ಅಷ್ಟೇ ಬೇಸನ್ನು ಒಂದೇ ಸ್ಪೀಕರಿನಿಂದ ಹೊರಡಿಸಬೇಕಾದರೆ ಅದಕ್ಕೆ ನಾಲ್ಕು ಪಟ್ಟು ಶಕ್ತಿ ಬೇಕು. ಚಿಕ್ಕ ಸ್ಪೀಕರ್ ಅಲ್ಲೇ ಗರಗರ ಅನ್ನುತ್ತದೆ.

ವಿನೈಲ್ (ಗ್ರಾಮಫೋನ್ ತಟ್ಟೆ) ಕಾಲದಿಂದ ಬಂದ ಕಾರಣವೂ ಒಂದಿದೆ. 1957-58ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀರಿಯೊ ತಟ್ಟೆಗಳಲ್ಲಿ ಎರಡೂ ಕಡೆಗೆ ಸಮಾನವಾದ ಸದ್ದು ಮುಳ್ಳನ್ನು ಅಡ್ಡಡ್ಡ ಅಲ್ಲಾಡಿಸುತ್ತದೆ. ಎಡ ಬಲದ ವ್ಯತ್ಯಾಸ ಮುಳ್ಳನ್ನು ಮೇಲೆ ಕೆಳಗೆ ಕುಣಿಸುತ್ತದೆ. ಬೇಸ್‌ನಲ್ಲಿ ಈ ವ್ಯತ್ಯಾಸ ಜಾಸ್ತಿ ಆದರೆ ಮುಳ್ಳು ಗೀರಿನಿಂದ ಎಗರಿಬಿಡಬಹುದು. ಅದಕ್ಕೇ ತಟ್ಟೆ ಕೊರೆಯುವವರು ಕೆಳಗಿನ ಸದ್ದನ್ನು ನಡುವಿಗೆ ಎಳೆದುಬಿಡುತ್ತಿದ್ದರು. ಇವತ್ತು ನಿಮ್ಮ ಬ್ಯಾಂಡ್ ವಿನೈಲ್ ಹಾಕಿಸುವ ಯೋಚನೆಯಲ್ಲಿದ್ದರೂ ಇದು ಹಾಗೇ ಅನ್ವಯಿಸುತ್ತದೆ.

ನಷ್ಟ ಏನು? ನಡುವೆ ಜಾತ್ರೆ. ಹಾಡುಗಾರ, ಕಿಕ್, ಸ್ನೇರ್, ಬೇಸ್ ಎಲ್ಲರೂ ಒಂದೇ ಬಾಗಿಲಲ್ಲಿ. ಆದರೆ ಜಾಗ ಇಲ್ಲ ಅಂತ ಬೇಸನ್ನು ಪಕ್ಕಕ್ಕೆ ನೂಕುವ ಮೊದಲು, ಯಾರು ಯಾವ ಮಹಡಿಯಲ್ಲಿದ್ದಾರೆ ನೋಡಿ. ಕಿಕ್‌ನ ಗುದ್ದು 60ರ ಆಸುಪಾಸಿನಲ್ಲಿದ್ದರೆ ಬೇಸ್‌ನ ತೂಕವನ್ನು 90-100ಕ್ಕೆ ಏರಿಸಿ. ಕಿಕ್ ಮೇಲಿದ್ದರೆ ಬೇಸ್ ಕೆಳಗೆ ಇಳಿಯಲಿ. ಸೈಡ್‌ಚೈನ್ ಹಾಕಿ, ಕಿಕ್ ಬಂದಾಗ ಬೇಸ್ ಎರಡು ಮೂರು ಡೆಸಿಬಲ್ ತಗ್ಗಲಿ. ಪ್ಯಾನ್ ಗುಂಡಿಗಿಂತ ಇದು ಎಷ್ಟೋ ವಾಸಿ.

ಸ್ವಲ್ಪ ಪಕ್ಕಕ್ಕೆ

ಎಡಕ್ಕೋ ಬಲಕ್ಕೋ 15, 20 ಅಂತ ತಿರುಗಿಸುವುದು (ಪೂರ್ತಿ ಬದಿಗೆ 100 ಅಂತ ಲೆಕ್ಕ). ಸಾಮಾನ್ಯ ಪ್ಯಾನ್ ಲೆಕ್ಕದಲ್ಲಿ 20ಕ್ಕೆ ತಿರುಗಿಸಿದರೆ ಎರಡು ಕಡೆಗಿರುವ ವ್ಯತ್ಯಾಸ ಹತ್ತಿರ ಹತ್ತಿರ 3 ಡೆಸಿಬಲ್. ಹೊಟ್ಟೆ ಬಹುಪಾಲು ಎರಡೂ ಸ್ಪೀಕರಿನಲ್ಲಿ ಉಳಿಯುತ್ತದೆ, ಬೆರಳು ಮಾತ್ರ ಸ್ವಲ್ಪ ಸರಿದಂತೆ ಕೇಳುತ್ತದೆ. ಮೋನೋದಲ್ಲೂ ಏನೂ ಕೆಡುವುದಿಲ್ಲ. ನನಗೆ ಇದು ಬಹಳ ಇಷ್ಟದ ಆಯ್ಕೆ. ಜನ ಬಳಸುವುದೇ ಕಡಿಮೆ. ವಾದ್ಯಗಳು ಕಡಿಮೆ ಇದ್ದು, ಕಿಕ್ ಡ್ರಮ್ ಮೆತ್ತಗಿದ್ದರೆ ಕಣ್ಣುಮುಚ್ಚಿ ಪ್ರಯತ್ನಿಸಬಹುದು. ಕಿಕ್ ಜೋರಿದ್ದರೆ ಬೇಡ. ಕಿಕ್ ನಡುವೆ, ಬೇಸ್ ಅದರ ಮಗ್ಗುಲಲ್ಲಿ ಅಂದರೆ ಎರಡೂ ಒಂದೇ ಕೈಯಿಂದ ಬಂದ ಏಟಿನ ಹಾಗೆ ಕೇಳಿಸುವುದಿಲ್ಲ.

ಪೂರ್ತಿ ಒಂದು ಕಡೆ

1960ರ ದಶಕದ ಪಾಪ್ ರೆಕಾರ್ಡುಗಳಲ್ಲಿ ಇದು ಮಾಮೂಲು. ಬೀಟಲ್ಸ್‌ನ ಆಗಿನ ಕೆಲವು ಸ್ಟೀರಿಯೊ ಮಿಕ್ಸ್‌ಗಳಲ್ಲಿ ವಾದ್ಯಗಳೆಲ್ಲ ಎಡಕ್ಕೆ, ಹಾಡು ಬಲಕ್ಕೆ. ಟ್ರ್ಯಾಕ್‌ಗಳು ಎರಡೋ ನಾಲ್ಕೋ ಇದ್ದವು, ಆಗಿನ ಕೆಲವು ಮಿಕ್ಸರ್‌ಗಳಲ್ಲಿ ಎಡ, ನಡು, ಬಲ ಅಂತ ಮೂರೇ ಸ್ಥಾನ. ಆಗ ಬಹುಪಾಲು ಜನ ಕೇಳುತ್ತಿದ್ದುದೂ ಮೋನೋ ಮಿಕ್ಸನ್ನೇ. ಬೇರೆ ದಾರಿ ಇಲ್ಲದೆ ಮಾಡಿದ್ದನ್ನು ನಾವೀಗ "ವಿಂಟೇಜ್ ಸ್ಟೈಲ್" ಅಂತ ಕರೆದು ಖುಷಿಪಡುತ್ತೇವೆ.

ಬೇಕೆಂದೇ ಆ ಹಳೇ ರುಚಿ ತರುವುದಾದರೆ ಮಾಡಿ. ಬೆಲೆ ಮಾತ್ರ ಗೊತ್ತಿರಲಿ. ಹೆಡ್‌ಫೋನ್ ಕಷ್ಟ ಆಗಲೇ ಹೇಳಿದೆ. ಇಬ್ಬರು ಒಂದೊಂದು ಇಯರ್‌ಬಡ್ ಹಂಚಿಕೊಂಡರೆ ಒಬ್ಬರಿಗೆ ಬೇಸೇ ಇಲ್ಲ. ಮೋನೋ ಮಾಡಿದಾಗ, 3 ಡೆಸಿಬಲ್ ಪ್ಯಾನ್ ಲೆಕ್ಕವಿದ್ದರೆ (ನಡುವೆ ಇಟ್ಟ ಸದ್ದನ್ನು ಪ್ರತಿ ಬದಿಯಲ್ಲೂ 3 ಡೆಸಿಬಲ್ ತಗ್ಗಿಸುವ ಲೆಕ್ಕ), ನಡುವಿನ ಹಾಡುಗಾರನಿಗೆ ಹೋಲಿಸಿ ಬೇಸ್ 3 ಡೆಸಿಬಲ್ ಕೆಳಗೆ ಬೀಳುತ್ತದೆ. ಮನೆಯಲ್ಲಿ ಎಡ ಸ್ಪೀಕರ್ ಮೂಲೆಯಲ್ಲಿ, ಬಲ ಸ್ಪೀಕರ್ ಬಾಗಿಲ ಪಕ್ಕ ಇದ್ದರಂತೂ ಎಡಕ್ಕೆ ಹಾಕಿದ ಬೇಸ್ ಒಂದು ಥರ, ಬಲಕ್ಕೆ ಹಾಕಿದ್ದು ಇನ್ನೊಂದು ಥರ. ಮೂಲೆ ಬೇಸನ್ನು ಉಬ್ಬಿಸುತ್ತದೆ.

ಅಗಲ ಮಾಡುವ ಆಸೆ, ನಾನು ತಿಂದ ಪೆಟ್ಟು

ಕೆಲವು ವರ್ಷಗಳ ಹಿಂದೆ ಗೆಳೆಯರ ಹಾಡೊಂದನ್ನು ಮಿಕ್ಸ್ ಮಾಡುತ್ತಿದ್ದೆ. ಬೇಸ್ ತೆಳ್ಳಗಿದೆ ಅನ್ನಿಸಿತು. ಟ್ರ್ಯಾಕನ್ನು ಕಾಪಿ ಮಾಡಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಟ್ಟೆ. ಬಲದ್ದನ್ನು 10 ಮಿಲಿಸೆಕೆಂಡ್ ತಡ ಮಾಡಿದೆ. ಹೆಡ್‌ಫೋನ್‌ನಲ್ಲಿ ಗೋಡೆಯಿಂದ ಗೋಡೆಗೆ ಬೇಸ್. ರಾತ್ರಿ ಎರಡು ಗಂಟೆಗೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ ಅನ್ನಿ.

ಒಂದು ಕಲ್ಯಾಣಮಂಟಪದಲ್ಲಿ ಅದೇ ಟ್ರ್ಯಾಕ್ ಹಾಕಿ ಮೇಲೆ ಹಾಡಿದರು. ಸಿಸ್ಟಂ ಮೋನೋ. ಹಾಡು ಜಿ ಸ್ಕೇಲ್. ಪಲ್ಲವಿ ಶುರುವಾಯಿತು, ಬೇಸ್ ಇಲ್ಲ. ತಂತಿಯ ಟಕಟಕ ಇದೆ, ಹೊಟ್ಟೆ ಇಲ್ಲ. ಡಿ ಸ್ವರಕ್ಕೆ ಹೋದಾಗ ವಾಪಸ್ ಬಂತು. ಮತ್ತೆ ಜಿ, ಮತ್ತೆ ಮಾಯ. ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗ ಪಾಪ ಎರಡು ಕೇಬಲ್ ಬದಲಾಯಿಸಿದ. ತಪ್ಪು ಅವನ ಕೇಬಲ್‌ದಲ್ಲ, ನನ್ನ ಫೈಲ್‌ದು.

ಲೆಕ್ಕ ಸರಳ. 50 ಹರ್ಟ್ಜ್ ಅಲೆ ಒಂದು ಸುತ್ತು ಮುಗಿಸಲು 20 ಮಿಲಿಸೆಕೆಂಡ್ ಬೇಕು. 10 ತಡವಾದರೆ ಸರಿಯಾಗಿ ಅರ್ಧ ಸುತ್ತು ಹಿಂದೆ. ಒಂದು ಅಲೆ ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ, ಕೂಡಿಸಿದರೆ ಸೊನ್ನೆ. ದಪ್ಪ ತಂತಿಯ ಮೂರನೇ ಫ್ರೆಟ್‌ನ ಜಿ ಎಷ್ಟು ಗೊತ್ತಾ? 49 ಹರ್ಟ್ಜ್. ನಾನು ಹುಡುಕಿ ಹುಡುಕಿ ಅದನ್ನೇ ಕೊಂದಿದ್ದೆ. ಅದರ ಮೇಲಿನ 98 ಹರ್ಟ್ಜ್ ಏನೂ ಆಗದೆ ಉಳಿಯಿತು, ಇನ್ನೂ ಮೇಲಿನ ಬೆರಳ ಸದ್ದೂ ಸಾಕಷ್ಟು ಉಳಿಯಿತು, ಅದಕ್ಕೇ ಟಕಟಕ ಕೇಳಿದ್ದು.

ಸ್ಟೀರಿಯೊ ಕೋರಸ್ (ಒಂದು ಸದ್ದನ್ನು ಹಲವು ಸೇರಿದ ಹಾಗೆ ಮಾಡುವ ಎಫೆಕ್ಟ್), ಅಗಲ ಮಾಡುವ ಪ್ಲಗಿನ್, ಕೀಬೋರ್ಡಿನ "ಫ್ಯಾಟ್ ಬೇಸ್" ಪ್ರೀಸೆಟ್, ಎಲ್ಲಕ್ಕೂ ಇದೇ ಎಚ್ಚರಿಕೆ. ನೇರ ಕೇಬಲ್‌ನಿಂದ ತೆಗೆದ ಬೇಸನ್ನು ಎಡಕ್ಕೆ, ಆಂಪ್ ಮುಂದಿನ ಮೈಕನ್ನು ಬಲಕ್ಕೆ ಹಾಕುವವರಿಗೂ ಇದೇ. ಮೈಕ್ ಒಂದು ಅಡಿ ದೂರ ಇದ್ದರೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ತಡ. ಮೊದಲು ಎರಡರ ಅಲೆಗಳನ್ನು ಸ್ಕ್ರೀನ್ ಮೇಲೆ ಹಿಗ್ಗಿಸಿ ನೋಡಿ ಸಾಲಾಗಿಸಿ, ಆಮೇಲೆ ಎರಡನ್ನೂ ಒಂದೇ ಜಾಗದಲ್ಲಿ ಇಡಿ. ಇಡೀ ಬೇಸನ್ನು ಅಗಲ ಮಾಡುವ ಆಯ್ಕೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಒಡೆದು ಹಂಚುವುದು

ಅಗಲ ಬೇಕೇ ಬೇಕು ಅನ್ನುವವರಿಗೆ ದಾರಿ ಇದು. ಟ್ರ್ಯಾಕನ್ನು ಎರಡು ಮಾಡಿ. ಒಂದರಲ್ಲಿ 120-150ಕ್ಕಿಂತ ಕೆಳಗಿನದ್ದು ಮಾತ್ರ ಇರಲಿ, ಇನ್ನೊಂದರಲ್ಲಿ ಅದಕ್ಕಿಂತ ಮೇಲಿನದ್ದು. ಎರಡೂ ಫಿಲ್ಟರ್‌ಗೆ ಒಂದೇ ಇಳಿಜಾರು ಕೊಡಿ, ಇಲ್ಲದಿದ್ದರೆ ಕೂಡುವ ಜಾಗದಲ್ಲಿ ಗುಂಡಿ ಬೀಳುತ್ತದೆ. ಕೆಳಗಿನದ್ದು ನಡುವೆ, ಮೋನೋ, ಚೆನ್ನಾಗಿ ಕಂಪ್ರೆಸ್ ಮಾಡಿ (ಜೋರು ಮೆತ್ತಗಿನ ಏರಿಳಿತ ತಗ್ಗಿಸಿ) ಕಲ್ಲಿನ ಹಾಗೆ. ಮೇಲಿನದ್ದಕ್ಕೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿ, ಕೋರಸ್ ಹಾಕಿ, ಅಗಲ ಮಾಡಿ, ಪಕ್ಕಕ್ಕೆ ಸರಿಸಿ. ಹೊಟ್ಟೆ ಕೂತಲ್ಲೇ ಇರುತ್ತದೆ, ಬೆರಳು ತಿರುಗಾಡುತ್ತದೆ.

ಒಂದು ಬಲೆ ಇದೆ. ಬೇಸ್ ವಾದಕ ಗಿಟಾರಿನ ಕುತ್ತಿಗೆಯಲ್ಲಿ ಮೇಲಿನ ಸ್ವರಗಳಿಗೆ ಹತ್ತಿದರೆ? ತೆಳು ತಂತಿಯ 12ನೇ ಫ್ರೆಟ್‌ನ ಜಿ 196 ಹರ್ಟ್ಜ್. ಆ ಸ್ವರ ಇಡಿಯಾಗಿ ಮೇಲಿನ ಟ್ರ್ಯಾಕಿಗೆ ಹೋಗಿಬಿಟ್ಟಿತು. ಮಧ್ಯೆ ನಿಂತಿದ್ದ ಬೇಸ್ ಒಮ್ಮೆಲೇ ಎರಡೂ ಗೋಡೆಗೆ ಹಾರಿದ ಹಾಗೆ ಕೇಳುತ್ತದೆ. ಕೆಳಗೆ ನಿಂತು ಗುದ್ದುವ ಬೇಸ್‌ಗೆ ಒಡೆಯುವುದು ಒಳ್ಳೆಯದು, ಏರಿ ಇಳಿದು ಹಾಡುವ ಬೇಸ್‌ಗೆ ಒಡೆಯುವ ಗೆರೆಯನ್ನು 250ರ ತನಕ ಏರಿಸಿ, ಇಲ್ಲ ಬಿಟ್ಟುಬಿಡಿ.

ಯಾವ ಸಂಗೀತಕ್ಕೆ ಯಾವುದು

ರಾಕ್, ಮೆಟಲ್‌ಗೆ ಹೆಚ್ಚು ಯೋಚನೆ ಬೇಡ. ಎರಡು ಸಲ ನುಡಿಸಿದ ಗಿಟಾರ್ ಎಡ ಬಲದ ತುದಿ ಹಿಡಿದಿರುತ್ತವೆ, ನಡುವೆ ಬೇಸ್‌ಗೆಂದೇ ಜಾಗ ಖಾಲಿ. ಮೆಟಲ್‌ನಲ್ಲಿ ಒಡೆದು ಮೇಲಿನ ಭಾಗಕ್ಕೆ ಡಿಸ್ಟಾರ್ಷನ್ ಕೊಟ್ಟರೆ ಗಿಟಾರ್ ಗದ್ದಲದಲ್ಲೂ ಬೇಸ್ ಕಾಣುತ್ತದೆ. ಒಂದೇ ಗಿಟಾರ್ ಇರುವ ಮೂವರ ಬ್ಯಾಂಡ್ ಮಾತ್ರ ಚಂಚಲ ಮಾಡುತ್ತದೆ. ಗಿಟಾರ್ ಎಡ, ಬೇಸ್ ಬಲ ಅಂತ ತೂಗೋಣ ಅನ್ನಿಸುತ್ತದೆ. ನಾನಾದರೆ ಗಿಟಾರನ್ನು ಅರ್ಧ ಎಡಕ್ಕೆ ಇಟ್ಟು, ಅದರದ್ದೇ ರೀವರ್ಬನ್ನು (ಕೋಣೆಯ ಅನುರಣನದಂಥ ಸದ್ದನ್ನು) ಬಲಕ್ಕೆ ಕಳಿಸುತ್ತೇನೆ. ಬೇಸ್ ಅಲ್ಲಾಡುವುದಿಲ್ಲ. ರೆಗ್ಗೆ, ಡಬ್ ಇನ್ನೂ ಸುಲಭ: ಅಲ್ಲಿ ಬೇಸೇ ಯಜಮಾನ, ನಡುಮಧ್ಯೆ ಕೂರುತ್ತದೆ. ತಿರುಗಾಡುವ ಕೆಲಸ ಗಿಟಾರ್, ಹಾರ್ನ್‌ಗಳ ಎಕೋದ್ದು.

ಹಿಪ್‌ಹಾಪ್, ಇಡಿಎಂ (ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ) ಮಾಡುವವರಿಗೆ ಸಬ್, ಅಂದರೆ ತೀರಾ ಕೆಳಗಿನ ಸದ್ದು, ಮೋನೋ ಅನ್ನುವುದರಲ್ಲಿ ಚೌಕಾಸಿ ಇಲ್ಲ. 1980ರಲ್ಲಿ ಬಂದ ರೋಲಂಡ್ ಟಿಆರ್-808 ಯಂತ್ರದ ಕಿಕ್ಕನ್ನೇ ಉದ್ದ ಎಳೆದು ಸ್ವರ ಮಾಡಿಕೊಂಡ "808 ಬೇಸ್" ಹೆಚ್ಚೂಕಡಿಮೆ ಬರೀ ಹೊಟ್ಟೆ, ಬೆರಳೇ ಇಲ್ಲ. ಅದನ್ನು ಪಕ್ಕಕ್ಕೆ ತಳ್ಳಿ ಏನೂ ಸಿಗುವುದಿಲ್ಲ. ಇವರ ನಿಜವಾದ ತೊಂದರೆ ಫೋನ್. ಫೋನ್ ಸ್ಪೀಕರ್‌ಗೆ 50 ಹರ್ಟ್ಜ್ ಹೊರಡಿಸುವ ತಾಕತ್ತಿಲ್ಲ. ಅಗಲ ಮಾಡಿದರೂ ಬರುವುದಿಲ್ಲ, ಜೋರು ಮಾಡಿದರೂ ಬರುವುದಿಲ್ಲ. ಸ್ಯಾಚುರೇಷನ್, ಅಂದರೆ ಹದವಾದ ಡಿಸ್ಟಾರ್ಷನ್, ಹಾಕಿ. ಆಗ 100, 150, 200 ಹರ್ಟ್ಜ್‌ನಲ್ಲಿ ಅದರ ಮರಿಗಳು ಹುಟ್ಟುತ್ತವೆ. ಆ ಮರಿಗಳ ಸಾಲು ಕೇಳಿದ ಮಿದುಳು ಇಲ್ಲದ 50ನ್ನು ತಾನೇ ಊಹಿಸಿಕೊಳ್ಳುತ್ತದೆ. ಬೇಸ್ ಅಗಲ ಆಗಬೇಕು ಅಂದ ಆ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ಮೇಲಿನ ಮರಿಗಳನ್ನು ಬೇರೆ ಟ್ರ್ಯಾಕ್ ಮಾಡಿ ಅಗಲ ಮಾಡು, 100ರ ಕೆಳಗೆ ಕೈ ಹಾಕಬೇಡ.

ಜಾಝ್‌ನ ನೆರೆಹೊರೆ ಬೇರೆ. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್, ಮೆತ್ತಗೆ ತಟ್ಟುವ ಕಿಕ್, ಪಿಯಾನೋ. ಕೇಳುಗನಿಗೆ ಬೇಕಿರುವುದು ಒಂದು ಕೋಣೆಯಲ್ಲಿ ಮೂವರು ಕೂತ ಚಿತ್ರ. ಇಲ್ಲಿ ಸ್ವಲ್ಪ ಪಕ್ಕಕ್ಕೆ ಅನ್ನುವ ಆಯ್ಕೆ ಹೊಳೆಯುತ್ತದೆ. ಪಿಯಾನೋ ಎಡಕ್ಕೆ ವಾಲಿದ್ದರೆ ಬೇಸ್ ಬಲಕ್ಕೆ 15-20. ಬೇಸ್ ಸೋಲೋ ಬಂದಾಗ ನಡುವಿಗೆ ಎಳೆಯುವ ಆಸೆಯಾಗುತ್ತದೆ, ಎಳೆಯಬೇಡಿ. ಕೂತವನು ಕುರ್ಚಿ ಹೊತ್ತುಕೊಂಡು ಬಂದ ಹಾಗಾಗುತ್ತದೆ.

ನಮ್ಮ ಸಿನಿಮಾ ಹಾಡುಗಳ ಬೇಸ್ ಎರಡು ಜಾತಿ. ಒಂದು ತಾಳದ ಜೊತೆ ನಿಲ್ಲುವುದು. ಇನ್ನೊಂದು ಇಳಯರಾಜರ ಹಾಡುಗಳಲ್ಲಿ ನಮಗೆಲ್ಲ ಪರಿಚಯವಿರುವ ಥರದ್ದು, ಪಲ್ಲವಿಯ ಕೆಳಗೆ ಅದರದ್ದೇ ಇನ್ನೊಂದು ಹಾಡು ಹೆಣೆಯುವ ಬೇಸ್. ಎರಡನೇ ಜಾತಿಯದ್ದನ್ನು ನಡುವಿನಿಂದ ಕದಲಿಸಬೇಡಿ, ಒಡೆಯಲೂಬೇಡಿ. ಅದರ ಬದಲು ಬೆರಳನ್ನು ಸ್ವಲ್ಪ ಮುಂದಕ್ಕೆ ತನ್ನಿ, 700-1000 ಹರ್ಟ್ಜ್ ಹತ್ತಿರ ಒಂದೆರಡು ಡೆಸಿಬಲ್. ಸ್ಟ್ರಿಂಗ್ಸ್, ಕೋರಸ್ ದನಿಗಳನ್ನು ಎರಡೂ ಬದಿಗೆ ಕಳಿಸಿ. ಬೇಸ್ ತಾನಾಗಿ ಕಾಣುತ್ತದೆ.

ಈಗ ಭಾವಗೀತೆಯ ಗೊಜ್ಜು. ಇದಕ್ಕೆ ಜಾಸ್ತಿ ಹೊತ್ತು ಕೊಡಬೇಕು, ಯಾಕೆಂದರೆ ಹೊರದೇಶದ ಮಿಕ್ಸಿಂಗ್ ಪಾಠಗಳಲ್ಲಿ ಡಗ್ಗಾದ ಹೆಸರೇ ಸಿಗುವುದು ಅಪರೂಪ. ತಬಲಾಕ್ಕೆ ಸಾಮಾನ್ಯವಾಗಿ ಎರಡು ಮೈಕ್ ಇಡುತ್ತಾರೆ, ಮಿಕ್ಸ್‌ನಲ್ಲಿ ಒಂದು ಪೂರ್ತಿ ಎಡ, ಒಂದು ಪೂರ್ತಿ ಬಲ. ವಾದಕ ನಮ್ಮ ಎದುರಿಗೆ ಕೂತರೆ ಅವನ ಎಡಗೈಯ ಡಗ್ಗಾ ನಮ್ಮ ಬಲಕ್ಕೆ ಬರುತ್ತದೆ. ಅಲ್ಲಿಗೆ ತಬಲಾ ಇಡೀ ವೇದಿಕೆಯಷ್ಟು ಅಗಲ, ಹಾಡುಗಾರ್ತಿ ಅದರ ನಡುವೆ ಸಣ್ಣಗೆ. ಮೇಲೆ ಡಗ್ಗಾದ ಗುಂ ಅನ್ನುವ ಜಾರು ಹೊಟ್ಟೆ ಪೂರ್ತಿ ಬಲ ಸ್ಪೀಕರಿನಲ್ಲಿ. ಕೀಬೋರ್ಡ್ ಬೇಸನ್ನು ಎಡಕ್ಕೆ ತಳ್ಳಿದರೆ ತಕ್ಕಡಿ ಸರಿಯಾಯಿತು ಅನ್ನಿಸುತ್ತದೆ, ಕೇಳುವವರಿಗೆ ಎರಡು ಕಿವಿಗೆ ಎರಡು ಬೇರೆ ಹಾಡು.

ನಾನು ಹೇಳಿದ್ದು ಹೀಗೆ. ಡಗ್ಗಾ ಬಲಕ್ಕೆ 10, ಬಲಗೈ ತಬಲಾ ಎಡಕ್ಕೆ 25. ಬೇಸ್ ನಡುವೆ. ಈಗ ಜಗಳ ಬಿಡಿಸುವುದು ಪ್ಯಾನ್‌ನಿಂದ ಅಲ್ಲ, ನುಡಿಸಾಣಿಕೆಯಿಂದ. ಡಗ್ಗಾ ಸ್ವರ ಜಾರಿಸುತ್ತದೆ, ಅದೇ ಅದರ ಚೆಲುವು. ಅದು ಜಾರುವಾಗ ಕೆಳಗೆ ಬೇಸ್ ಒಂದೇ ಸ್ವರ ಎಳೆದು ಹಿಡಿದಿದ್ದರೆ ಶ್ರುತಿ ಕಲಸುತ್ತದೆ. ಬೇಸ್ ಸ್ವರವನ್ನು ಗಿಡ್ಡ ಮಾಡಿ. ಸಮದ ಮೇಲೆ ಬೀಳಲಿ, ಎದ್ದು ಹೋಗಲಿ. ಇಲ್ಲವಾದರೆ ಚರಣದಲ್ಲಿ ಬೇಸನ್ನೇ ತೆಗೆದುಬಿಡಿ. ಅವರು ತೆಗೆದು ಕಳಿಸಿದರು. ಗೊಜ್ಜು ಹೋಗಿತ್ತು, ಡಗ್ಗಾ ಒಬ್ಬನೇ ಇಡೀ ಹಾಡು ಹೊತ್ತಿದ್ದ.

ಶಾಸ್ತ್ರೀಯ ಕಛೇರಿಯಲ್ಲಿ "ಬೇಸ್ ನಡುವೆ" ಅನ್ನುವ ಮಾತೇ ತಲೆಕೆಳಗು. ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಸಾಮಾನ್ಯವಾಗಿ ಮೃದಂಗ ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ. ಪಿಟೀಲು ಇನ್ನೊಂದು ಬದಿಗೆ, ನಮ್ಮ ಬಲಕ್ಕೆ. ಮೃದಂಗದ ಎಡ ಮುಖದ ಜಾರುವ ಗುಂ ಸದ್ದು, ಗುಮ್ಕಿಯೇ ಅಲ್ಲಿನ ಹೊಟ್ಟೆ, ಅದು ಪಕ್ಕದಲ್ಲೇ ಹುಟ್ಟುವುದು. ಕಛೇರಿ ಕೇಳಿ ಬೆಳೆದವರ ಕಿವಿಗೆ ಅದೇ ಸರಿ. ಮೃದಂಗ ಎಡಕ್ಕೆ 25-30 ಇಡಿ, ಹೊಟ್ಟೆ ಎರಡೂ ಸ್ಪೀಕರಿಗೆ ಸಾಕಷ್ಟು ಸಿಗುತ್ತದೆ. ತಂಬೂರಿ ಎರಡಿದ್ದರೆ ಎರಡು ಬದಿಗೆ. ಒಂದೇ ಇದ್ದರೆ ಕಾಪಿ ಮಾಡಿ ತಡ ಮಾಡಿ ಅಗಲ ಮಾಡುವ ಆಟ ಬೇಡ, ಖರಜದ ತಂತಿಗೆ ನನ್ನ ಕಲ್ಯಾಣಮಂಟಪದ ಗತಿಯೇ ಬರಬಹುದು.

ಆರ್ಕೆಸ್ಟ್ರಾ ರೆಕಾರ್ಡಿಂಗ್‌ನಲ್ಲೂ ಡಬಲ್ ಬೇಸ್‌ಗಳು ಸಾಮಾನ್ಯವಾಗಿ ನಮ್ಮ ಬಲಕ್ಕೆ ಕೇಳುತ್ತವೆ. ವಿಯೆನ್ನಾ ಫಿಲ್‌ಹಾರ್ಮೋನಿಕ್ ತನ್ನ ಮನೆಯಂಗಳವಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಅವನ್ನು ಹಿಂದಿನ ಸಾಲಿನಲ್ಲಿ ನಡುವೆ ನಿಲ್ಲಿಸುತ್ತದೆ. ಎರಡೂ ಸರಿ, ಸಭಾಂಗಣ ತೀರ್ಮಾನ ಮಾಡುತ್ತದೆ. ಮೈಕ್ ಜೋಡಿಯಿಂದ ಹಿಡಿದ ಇಂಥ ಸದ್ದಿನ ಕೆಳಭಾಗವನ್ನು ಸುಮ್ನೆ ಅಭ್ಯಾಸಬಲದಿಂದ ಮೋನೋ ಮಾಡಬೇಡಿ. ಸಭಾಂಗಣದ ಗಾಳಿ ಅಲ್ಲೇ ಇರುತ್ತದೆ, ಒತ್ತಿದರೆ ಹೊರಟುಹೋಗುತ್ತದೆ. ಡೊಳ್ಳು ಕುಣಿತದ ತಂಡವನ್ನು ಬಯಲಲ್ಲಿ ರೆಕಾರ್ಡ್ ಮಾಡಿದ್ದಕ್ಕೂ ಇದೇ ಮಾತು, ಪೆಂಡಾಲಿನಲ್ಲಿ ಹಾಕುವುದಿದ್ದರೆ ಮಾತ್ರ 80ರ ಕೆಳಗಿನದ್ದನ್ನು ನಡುವಿಗೆ ತನ್ನಿ.

ಜೇಬು ಮತ್ತು ಕೋಣೆ

ಹತ್ತು ಅಡಿ, ಹನ್ನೆರಡು ಅಡಿಯ ರೂಮು ನಮ್ಮಲ್ಲಿ ಮಾಮೂಲು. ಆ ಅಳತೆಯ ಗೋಡೆಗಳ ನಡುವೆ 56 ಮತ್ತು 47 ಹರ್ಟ್ಜ್ ಹತ್ತಿರದ ಸ್ವರಗಳು ನಿಂತು ಗುಂಯ್‌ಗುಡುತ್ತವೆ. ಬೇಸ್ ಗಿಟಾರಿನ ಎ ಮತ್ತು ಜಿ ಸ್ವರಗಳು ಅದರ ಆಸುಪಾಸಿನಲ್ಲೇ ಇವೆ. ಕುರ್ಚಿ ಒಂದೆರಡು ಅಡಿ ಸರಿಸಿದರೆ ಅವೇ ಸ್ವರ ಕಾಣೆ. ಇಂಥ ಕೋಣೆಯಲ್ಲಿ ದುಡ್ಡು ಸುರಿದು ದೊಡ್ಡ ಮಾನಿಟರ್ ಸ್ಪೀಕರ್ ತರುವುದು ನನಗೆ ಸರಿ ಕಾಣುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಮೊದಲು ಮೂಲೆಗಳಿಗೆ ಸದ್ದು ಹೀರುವ ದಪ್ಪ ರಾಕ್‌ವೂಲ್ ಹಲಗೆ ಹಾಕಿಸಿ, ಆಮೇಲೆ ಚಿಕ್ಕ ಮಾನಿಟರ್. ಅಷ್ಟಿಲ್ಲದಿದ್ದರೆ ಒಂದು ಒಳ್ಳೆಯ ಹೆಡ್‌ಫೋನ್ ಸಾಕು. ಹೊಟ್ಟೆ ಎಷ್ಟಿದೆ ಅನ್ನುವುದನ್ನು ಈ ಕೋಣೆಗಿಂತ ಅದೇ ನಿಜ ಹೇಳುತ್ತದೆ. ಆದರೆ ಪ್ಯಾನ್ ವಿಷಯದಲ್ಲಿ ಹೆಡ್‌ಫೋನ್ ಅತಿ ಮಾಡಿ ತೋರಿಸುತ್ತದೆ, ಅದರಲ್ಲಿ 20 ಅನ್ನಿಸಿದ್ದು ಸ್ಪೀಕರಿನಲ್ಲಿ 10ರ ಹಾಗೆ ಕೇಳಬಹುದು.

ಸಾಫ್ಟ್‌ವೇರ್‌ಗೆ ಖರ್ಚು ಬೇಡ. ವಾಕ್ಸೆಂಗೋ ಕಂಪನಿಯವರ ಸ್ಪ್ಯಾನ್ ಪ್ಲಗಿನ್ ಉಚಿತ. ಅದರಲ್ಲಿ ಎಡ ಬಲ ಎಷ್ಟು ಹೊಂದುತ್ತವೆ ಅನ್ನುವ ಕೋರಿಲೇಷನ್ ಮೀಟರ್ ಇದೆ, ಬೇಸ್ ಟ್ರ್ಯಾಕ್ ಮೇಲೆ ಅದು +1 ಕಡೆ ನಿಂತರೆ ನಿಶ್ಚಿಂತೆ, ಸೊನ್ನೆಯ ಕೆಳಗೆ ಇಳಿದರೆ ಎಲ್ಲೋ ಕಳ್ಳ ಇದ್ದಾನೆ. ಏಬಲ್‌ಟನ್ ಲೈವ್ ಸಾಫ್ಟ್‌ವೇರ್ ಇರುವವರಿಗೆ ಅದರದ್ದೇ ಯುಟಿಲಿಟಿ ಎಫೆಕ್ಟ್‌ನಲ್ಲಿ ಬೇಸ್ ಮೋನೋ ಗುಂಡಿ ಇದೆ. ಏನೂ ಇಲ್ಲದವರು ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಮೋನೋ ಆಡಿಯೋ ಒತ್ತಿ, ಇಯರ್‌ಫೋನ್ ಹಾಕಿಕೊಂಡು ಹಾಡು ಹಾಕಿ. ಒತ್ತಿದ ಕ್ಷಣ ಬೇಸ್ ಸಣ್ಣಗಾದರೆ ಮಿಕ್ಸ್‌ಗೆ ವಾಪಸ್ ಹೋಗಿ.

ಆ ಬೇಸ್ ಗಿಟಾರ್ ಗೆಳೆಯನಿಗೂ ಕೊನೆಗೆ ಬಲಕ್ಕೆ 15 ಕೊಟ್ಟೆ. ಅವನ ಹೊಸ ಹಾಡಿನಲ್ಲಿ ಡ್ರಮ್ಸ್ ಇಲ್ಲ, ಒಂದು ಅಕೌಸ್ಟಿಕ್ ಗಿಟಾರ್, ಬೇಸ್, ದನಿ ಅಷ್ಟೇ. ಮೋನೋ ಮಾಡಿ, ವಾಲ್ಯೂಮ್ ತಗ್ಗಿಸಿ, ಇಬ್ಬರೂ ಅಡುಗೆಮನೆಗೆ ಹೋಗಿ ಕಾಫಿ ಕಾಯಿಸುತ್ತಾ ಕೇಳಿದೆವು. ಹಾಲು ಉಕ್ಕುವ ಸದ್ದಿನ ನಡುವೆಯೂ ಜಿ ಕೇಳುತ್ತಿತ್ತು.